ಕೆರೆ ಯಾರ ಸೊತ್ತು? ಬಿನ್ನಿಪೇಟೆಯ ನೆಲೆಯಿಂದ ಕೆಲವು ವಿಮರ್ಶಾತ್ಮಕ ಟಿಪ್ಪಣಿಗಳು

ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ವ್ಯಾಪಾರ ಸಂಸ್ಥೆಯ ಹೆಸರನ್ನೇ ಊರ ಹೆಸರಾಗಿ ಹೊತ್ತವು ವಿರಳ. ಬಿನ್ನಿಪೇಟೆ ಅಂಥದ್ದು. 1884ರಲ್ಲಿ ಸ್ಥಾಪನೆಯಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು ಮದರಾಸಿನ ಬಿನ್ನಿ ಸಂಸ್ಥೆ ವಹಿಸಿಕೊಂಡಿತು. ಗಿರಣಿಯ ಸುತ್ತ ಪೇಟೆ ಬೆಳೆಯಿತು, ಸಮೀಪದ ಕೆರೆಗೂ ‘ಬಿನ್ನಿ ಮಿಲ್ ಕೆರೆ’ ಎಂಬ ಹೆಸರೇ ನಿಂತಿತು. ಇಂದು ಗಿರಣಿಯ ಸದ್ದಿಲ್ಲ, ಕೆರೆಯಲ್ಲಿ ನೀರೂ ಇಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬಿನ್ನಿಪೇಟೆ ಎಂಬ ವಿಧಾನಸಭಾ ಕ್ಷೇತ್ರವೂ ಅಳಿಯಿತು. ಸಾರ್ವಜನಿಕ ಸಂಪತ್ತು ಅಳಿಯುವ ಬಗೆಯನ್ನು ವಿವರಿಸಲು ನಮ್ಮ ವಿದ್ವತ್ತು ಬಳಸುತ್ತ ಬಂದಿರುವ ಎರಡು ವಾದಗಳನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಮಂಡಿಸಿದ ವಾದ. ಎಲ್ಲರಿಗೂ ತೆರೆದಿರುವ ಗೋಮಾಳದಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಇನ್ನೊಂದು ದನವನ್ನು ಬಿಡುತ್ತಾನೆ, ಕೊನೆಗೆ ಗೋಮಾಳವೇ ಹಾಳಾಗುತ್ತದೆ ಎಂಬುದು ಅದರ ಸಾರ. ನಮ್ಮ ಕೆರೆಗಳ ನಾಶವನ್ನು ಜನಸಂಖ್ಯೆ ಹಾಗೂ ಒತ್ತುವರಿಯ ದುರಾಸೆಯಿಂದ ಮಾತ್ರ ವಿವರಿಸುವ ಬರಹಗಳು, ಹೆಸರು ಹೇಳದಿದ್ದರೂ, ಈ ವಾದವನ್ನೇ ಅನುಸರಿಸುತ್ತವೆ. ಆದರೆ ಬೆಂಗಳೂರಿನ ಇತಿಹಾಸ ಇದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಊರೊಳಗಿನ ಕೆರೆಗಳು ಆಡಳಿತದ ದೃಷ್ಟಿಯಲ್ಲಿ ನೀರಿನ ಮೂಲವಾಗಿ ಉಳಿಯಲಿಲ್ಲ. ಧರ್ಮಾಂಬುಧಿ ಕೆರೆ ಮೈದಾನವಾಯಿತು, ಅನಂತರ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಇಲ್ಲಿ ಕೆರೆಯನ್ನು ತಿಂದವರು ಹಾರ್ಡಿನ್ನನ ದನಗಾಹಿಗಳಲ್ಲ. ಒಂದು ಸಾರ್ವಜನಿಕ ಸಂಸ್ಥೆಯ ಜಾಗದಲ್ಲಿ ಇನ್ನೊಂದು ಸಾರ್ವಜನಿಕ ಸಂಸ್ಥೆ ಬಂದಿದೆ. ಪ್ರಯಾಣಿಕನೂ ಸಾರ್ವಜನಿಕ, ಕ್ರೀಡಾಪಟುವೂ ಸಾರ್ವಜನಿಕ. ಕೆರೆಯ ನೀರಿನಲ್ಲಿ ತೋಟ ಮಾಡುವವನು, ಬಟ್ಟೆ ಒಗೆಯುವವನು, ದನ ಮೇಯಿಸುವವನು ಮಾತ್ರ ಆ ಎಣಿಕೆಯಿಂದ ಹೊರಗುಳಿದರು. ಆದ್ದರಿಂದ ಮೂಲಪ್ರಶ್ನೆ ದುರಾಸೆಯದಲ್ಲ. ‘ಸಾರ್ವಜನಿಕ’ ಎಂಬ ಪದದೊಳಗೆ ಯಾರು ಸೇರುತ್ತಾರೆಂಬ ರಾಜಕೀಯದ್ದು.

ಎರಡನೆಯ ವಾದ ಎಲಿನಾರ್ ಆಸ್ಟ್ರಮ್ ಅವರ 1990ರ ಕೃತಿಯಿಂದ ಬಲ ಪಡೆದದ್ದು. ಸಮುದಾಯಗಳು ತಾವೇ ನಿಯಮ ರೂಪಿಸಿಕೊಂಡು ಸಾಮಾನ್ಯ ಸಂಪತ್ತನ್ನು ಬಹುಕಾಲ ಕಾಪಾಡಬಲ್ಲವು ಎಂದು ಅವರು ತೋರಿಸಿದರು; 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಇದು ಮಹತ್ತ್ವದ ತಿದ್ದುಪಡಿ. ಆದರೆ ಕನ್ನಡದ ಕೆರೆ-ಸಾಹಿತ್ಯದಲ್ಲಿ ಅದು ಹಲವು ವೇಳೆ ಹಳೆಯ ಗ್ರಾಮದ ಗುಣಗಾನವಾಗಿ ಇಳಿದಿದೆ. ಕೆರೆ ಕಟ್ಟಿ ಕಾಪಾಡಿದವರಿಗೆ ಕಟ್ಟುಕೊಡಗಿ ಭೂಮಿ ದೊರೆಯುತ್ತಿತ್ತು, ತೂಬು ತೆಗೆದು ಗದ್ದೆಗೆ ನೀರು ಹಂಚಲು ನೀರುಗಂಟಿ ಇದ್ದ ಎಂಬುದು ನಿಜ. ಆ ನೀರುಗಂಟಿ ಬಹಳಷ್ಟು ಊರುಗಳಲ್ಲಿ ದಲಿತನೇ ಆಗಿದ್ದ, ಅವನು ಹಂಚುತ್ತಿದ್ದ ನೀರು ಬಹುಮಟ್ಟಿಗೆ ಇನ್ನೊಬ್ಬರ ಗದ್ದೆಯದಾಗಿತ್ತು ಎಂಬುದೂ ಅಷ್ಟೇ ನಿಜ. ತಮಿಳುನಾಡಿನ ಕೆರೆಗಳನ್ನು ಕುರಿತ ಡೇವಿಡ್ ಮಾಸ್ ಅವರ 2003ರ ಅಧ್ಯಯನ, ನೀರಿನ ನಿಯಮಗಳು ಅಧಿಕಾರ ಹಾಗೂ ಜಾತಿಗಳಿಂದ ಬೇರೆಯಾಗಿರಲಿಲ್ಲವೆಂಬುದನ್ನು ಸ್ಪಷ್ಟಪಡಿಸುತ್ತದೆ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯಿದೆ ಹುಟ್ಟಿನಿಂದ ಬರುವ ಹುದ್ದೆಗಳನ್ನು ಕೊನೆಗೊಳಿಸಿದ್ದು ನ್ಯಾಯವೇ. ಆದರೆ ಹುದ್ದೆ ಹೋದಮೇಲೂ ಕೆಲಸ ಉಳಿಯುತ್ತದೆ. ಆ ಕೆಲಸಕ್ಕೆ ಘನತೆಯ ಸಂಬಳ ಗೊತ್ತುಮಾಡುವ ಹೊಣೆಯನ್ನು ಪ್ರಜಾಪ್ರಭುತ್ವ ಅಷ್ಟೇ ಆಸ್ಥೆಯಿಂದ ಹೊರಲಿಲ್ಲ.

ಬಿನ್ನಿಪೇಟೆ ಈ ಎರಡೂ ವಾದಗಳ ಅಂಚಿನಲ್ಲಿ ನಿಲ್ಲುತ್ತದೆ. ಇಲ್ಲಿಗೆ ಬಂದವರು ಕೂಲಿಗಾಗಿ ಬಂದ ಗಿರಣಿ ಕಾರ್ಮಿಕರು. ಅವರ ಹಕ್ಕಿನ ಭಾಷೆ ಸಂಘದ ಭಾಷೆ: ಕೂಲಿ, ಕೆಲಸದ ಅವಧಿ, ವಸತಿ. ಆ ಹೋರಾಟ ನಿಷ್ಫಲವಾಗಲಿಲ್ಲ. ಬೆಂಗಳೂರಿನ ಕಾರ್ಮಿಕ ಚಳವಳಿಯ ಮುಂದಾಳು ಕೆ.ಟಿ. ಭಾಷ್ಯಂ 1947ರಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲವನ್ನೇ ಸೇರಿದರು. ಆದರೆ ಗಿರಣಿ ಮುಚ್ಚಿದಾಗ ಕೂಲಿಯ ಹಕ್ಕಿಗೆ ನೆಲೆಯೇ ತಪ್ಪಿತು, ಉಳಿದ ಬೆಲೆಯೆಲ್ಲ ನೆಲದ್ದಾಯಿತು. ಗಿರಣಿಯ ಆವರಣದಲ್ಲಿ ವಸತಿ ಗೋಪುರಗಳೂ ಮಾಲೂ ಎದ್ದವು. 2021ರ ಅಕ್ಟೋಬರ್‌ನಲ್ಲಿ ಬಿನ್ನಿ ಮಿಲ್ ಬಳಿ, ಕಟ್ಟಿ ಹೆಚ್ಚು ಕಾಲವಾಗದ ಪೊಲೀಸ್ ವಸತಿಗೃಹವೊಂದು ವಾಲಿ, ಅಲ್ಲಿದ್ದ ಕುಟುಂಬಗಳನ್ನು ತೆರವು ಮಾಡಿಸಬೇಕಾಯಿತು.

ಇದಕ್ಕೆ ಪ್ರತಿಯಾಗಿ ಸಂಪಂಗಿಯನ್ನು ನೋಡಬೇಕು. ಕ್ರೀಡಾಂಗಣದ ಮಗ್ಗುಲಲ್ಲಿ ಆ ಕೆರೆಯ ಒಂದು ತುಣುಕು ಇಂದಿಗೂ ಉಳಿದಿದೆ. ಕಾರಣ ಕರಗ. ತಿಗಳ ಸಮುದಾಯದ ಆಚರಣೆಗೆ ಆ ನೀರು ಬೇಕು. ತಜ್ಞರ ವರದಿ ಉಳಿಸಲಾರದ್ದನ್ನು ಆಚರಣೆ ಉಳಿಸಿತು. ಆದರೆ ಆಚರಣೆಗೆ ಬೇಕಾದಷ್ಟನ್ನು ಮಾತ್ರ. ಸಂಸ್ಕೃತಿ ಹಕ್ಕುಪತ್ರವಾಗಬಲ್ಲದು, ಜಲಾನಯನ ಪ್ರದೇಶವಾಗಲಾರದು. ಅಂಥ ಹಕ್ಕುಪತ್ರವನ್ನೂ ಗಳಿಸದ ವಲಸೆ ಕಾರ್ಮಿಕರ ಕೆರೆಗೆ ಸಾಕ್ಷಿ ಹೇಳುವವರು ಯಾರು?

ಕಾನೂನು ಸಾಕ್ಷಿಯಾಗಬೇಕಿತ್ತು. 2001ರಲ್ಲಿ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೆರೆಕುಂಟೆಗಳನ್ನು ಸಮುದಾಯದ ಸಂಪತ್ತೆಂದು ಎತ್ತಿಹಿಡಿಯಿತು. ಮರುವರ್ಷವೇ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರ ಕೆಲವು ವರ್ಷಗಳಲ್ಲಿ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. 2008ರಲ್ಲಿ ಅದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ಹೊಸ ಕಾಯಿದೆ ಬಂತು. ಈ ಎಲ್ಲ ಹಂತಗಳಲ್ಲೂ ಕೆರೆ ಮುಖ್ಯವಾಗಿ ಒಂದು ಸರ್ವೆ ನಂಬರು. ಅದು ಕೋಡಿ, ಕಾಲುವೆಗಳ ಮೂಲಕ ಇನ್ನೊಂದು ಕೆರೆಗೆ ಕಟ್ಟಿಕೊಂಡ ಸರಪಳಿಯ ಕೊಂಡಿ ಎಂಬ ಅರಿವು ಗೌಣವಾಗಿಯೇ ಉಳಿಯಿತು. ಬಿನ್ನಿಪೇಟೆಯ ನೀರು ವೃಷಭಾವತಿಯ ಕಣಿವೆಗೆ ಸೇರಿದ್ದು. ಅದೇ ನದಿ ನಗರದ ಕೊಳಚೆಯನ್ನು ಹೊತ್ತು ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಇಳಿಯುತ್ತದೆ. ಅಲ್ಲಿನ ರೈತ ಆ ನೀರಿನಲ್ಲೇ ಬೆಳೆ ತೆಗೆಯುತ್ತಾನೆ. ಮೇಲಿನ ಊರಿನ ಯಾವ ಸಭೆಯಲ್ಲೂ ಅವನಿಗೆ ಮತವಿಲ್ಲ.

ಸಾರ್ವಜನಿಕ ಸಂಸ್ಥೆಗಳ ಅಧ್ಯಯನ ಇನ್ನು ಮುಂದೆ ‘ಕೆರೆ ಏಕೆ ಅಳಿಯಿತು’ ಎಂಬಲ್ಲಿಗೆ ನಿಲ್ಲಬಾರದು. ಯಾರ ಬಳಕೆಯನ್ನು ಬಳಕೆಯೆಂದು ಲೆಕ್ಕಕ್ಕೆ ಹಿಡಿಯಲಾಯಿತು, ಯಾರ ದುಡಿಮೆಯನ್ನು ಸೇವೆಯೆಂದು ಕರೆದು ಸಂಬಳ ತಪ್ಪಿಸಲಾಯಿತು, ಯಾರ ನೆನಪು ದಾಖಲೆಯಾಯಿತು ಎಂಬ ಪ್ರಶ್ನೆಗಳನ್ನು ಅದು ಎತ್ತಿಕೊಳ್ಳಬೇಕು. ಬಿನ್ನಿಪೇಟೆಯ ಗಿರಣಿಯ ಕಥೆ ಹೇಳುವವರಿದ್ದಾರೆ. ಕೆರೆಯ ಕಥೆಯನ್ನು, ಅದರ ನೀರು ಬಳಸಿದವರ ನೆನಪು ಮಾಸುವ ಮುನ್ನ, ಬರೆದಿಡಬೇಕಾಗಿದೆ.