ರಾಯಚೂರಿನ ಗಜಲ್ ಕೇಳಿಸಿಕೊಳ್ಳದ ನುಡಿ

ಕನ್ನಡದಲ್ಲಿ ಗಜಲ್ ಎಂದೊಡನೆ ರಾಯಚೂರಿನ ಹೆಸರು ಬರುತ್ತದೆ. ಬರಬೇಕಾದದ್ದೇ. ಹೆಂಬೇರಾಳಿನ ಶಾಂತರಸರು (1924–2008) ಈ ಪ್ರಕಾರಕ್ಕೆ ಕನ್ನಡದಲ್ಲಿ ನೆಲೆ ಒದಗಿಸಿದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅದನ್ನು ಹೆಣ್ಣಿನ ದನಿಗೆ ಒಗ್ಗಿಸಿದರು. ಚಿದಾನಂದ ಸಾಲಿಯಂಥವರ ಕೈಯಲ್ಲಿ ಅದು ಮುಂದಿನ ತಲೆಮಾರಿಗೆ ದಾಟಿತು. ಈಗ ಮಾನ್ವಿ, ದೇವದುರ್ಗದ ಕವಿಗೋಷ್ಠಿಗಳಲ್ಲೂ ಗಜಲಿಗೆ ಕೈಹಾಕುವವರು ಬೇಕಾದಷ್ಟು ಮಂದಿ. ಈ ಪರಂಪರೆಯ ಬಗ್ಗೆ ಮೆಚ್ಚುಗೆಯ ಮಾತು ಸಾಕಷ್ಟು ಬಂದಿದೆ. ಅದು ಯಾರಿಂದ ಏನು ಪಡೆಯಿತು, ಯಾರನ್ನು ಬಿಟ್ಟು ನಡೆಯಿತು ಎಂಬ ವಿಚಾರಣೆ ಮಾತ್ರ ಇನ್ನೂ ಆಗಬೇಕಿದೆ.

ಗಜಲ್ ರಾಯಚೂರಿಗೇ ಯಾಕೆ ಒಲಿಯಿತು ಎಂಬುದಕ್ಕೆ ಉತ್ತರ ನಿಜಾಮರ ಆಳ್ವಿಕೆಯಲ್ಲಿದೆ. ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲೇ ಕೊಟ್ಟಿತು. ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರಿನವರೆಗೆ ಇಲ್ಲಿಯವರಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ತನ್ನ ನೆಲದಲ್ಲೇ ಕನ್ನಡ ಮೂಲೆಗೆ ಸರಿದಿತ್ತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಮಹತ್ವ ತಿಳಿಯಬೇಕಾದರೆ ಈ ಹಿನ್ನೆಲೆ ಗೊತ್ತಿರಬೇಕು. ಅಂಥ ಕಾಲವನ್ನು ಉಂಡವರು ಉರ್ದುವಿನ ಮೇಲೆ ಮುನಿಸಿಕೊಂಡಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಶಾಂತರಸರು ಮುನಿಯಲಿಲ್ಲ. ಮಿರ್ಜಾ ರುಸ್ವಾರ ‘ಉಮ್ರಾವ್ ಜಾನ್ ಅದಾ’ವನ್ನು ಕನ್ನಡಕ್ಕೆ ತಂದರು, ಗಜಲನ್ನು ತಂದರು. ಈ ಔದಾರ್ಯ ದೊಡ್ಡದು. ಮುಂದೆ ಆಡುವ ತಕರಾರಿನ ಮಾತನ್ನೆಲ್ಲ ಇದನ್ನು ಒಪ್ಪಿಕೊಂಡೇ ಆಡುತ್ತಿದ್ದೇನೆ.

ಮೊದಲು ಕಸುಬಿನ ಮಾತು. ಗಜಲಿನಲ್ಲಿ ಪ್ರತಿ ಷೇರ್, ಅಂದರೆ ದ್ವಿಪದಿ, ತನ್ನಷ್ಟಕ್ಕೆ ಪೂರ್ಣ. ಬಿಡಿಬಿಡಿಯಾದ ಅವುಗಳನ್ನು ಕಾಫಿಯಾದ ಪ್ರಾಸ, ಅದರ ಬೆನ್ನಿಗೇ ಮರಳಿ ಬರುವ ರದೀಫ್, ಸಾಲುಗಳನ್ನೆಲ್ಲ ಒಂದೇ ಅಳತೆಯಲ್ಲಿಡುವ ಬಹರ್ ಹಿಡಿದಿಡುತ್ತವೆ. ರದೀಫ್ ನಮ್ಮಲ್ಲಿ ಸಲೀಸಾಗಿ ಒಗ್ಗಿತು. ಉರ್ದುವಿನಂತೆ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಬರುವುದರಿಂದ ‘ಬೇಕು’, ‘ಇಲ್ಲ’, ‘ಉಳಿದಿದೆ’ ತಾವಾಗಿಯೇ ಅಲ್ಲಿ ಕೂರುತ್ತವೆ. ತೊಡಕಿರುವುದು ಕಾಫಿಯಾದಲ್ಲಿ. ನಮ್ಮ ವಿಭಕ್ತಿ ಪ್ರತ್ಯಯಗಳು ಪ್ರಾಸವನ್ನು ಪುಕ್ಕಟೆ ಕೊಡುತ್ತವೆ. ‘ಮನೆಯಲ್ಲಿ’, ‘ಊರಲ್ಲಿ’, ‘ಕಣ್ಣಲ್ಲಿ’ ಎಂದು ಸಾಲಾಗಿ ಬರೆದರೆ ಕಾಫಿಯಾ ಆಯಿತೆಂದು ತಿಳಿಯುವವರು ಬಹಳ. ಅಲ್ಲಿ ಕೂಡಿದ್ದು ಬರೀ ಪ್ರತ್ಯಯ. ‘ಮನೆಯಲ್ಲಿ’ಗೆ ‘ಕೊನೆಯಲ್ಲಿ’ ಜೊತೆಯಾದಾಗಲೇ ಕಿವಿ ನೆಟ್ಟಗಾಗುವುದು. ಬಹರ್ ಅನ್ನಂತೂ ಹೆಚ್ಚಿನವರು ಕೈಬಿಟ್ಟೇಬಿಟ್ಟರು. ಉರ್ದುವಿನ ಅಳತೆ ಕನ್ನಡಕ್ಕೆ ಹೊಂದದಿದ್ದರೆ ಬೇಡ, ಲಲಿತ ರಗಳೆಯ ಐದು ಮಾತ್ರೆಯ ನಡೆ ಇತ್ತಲ್ಲ, ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆ ಇತ್ತಲ್ಲ. ಅದನ್ನಾದರೂ ದುಡಿಸಿಕೊಳ್ಳಬಹುದಿತ್ತು.

ಮಕ್ತಾದ ವಿಷಯವೂ ಹೀಗೆಯೇ. ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಹೆಸರು ಹಿಡಿದು ತನ್ನನ್ನೇ ಮಾತಾಡಿಸಿಕೊಳ್ಳುವುದು ಅದರ ಸೊಗಸು. ಹಾಡಿನ ಕೊನೆಗೆ ಹೆಸರು ಬರುವುದು ಈ ಸೀಮೆಗೆ ಹೊಸದಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು, ದೇವದುರ್ಗ ಕಡೆಯ ಮೊಸರಕಲ್ಲಿನ ಗೋಪಾಲದಾಸರು ಮೂವರೂ ವಿಠಲನ ಅಂಕಿತದಲ್ಲಿ ತಮ್ಮನ್ನು ಕರಗಿಸಿಕೊಂಡವರು. ಅಂಕಿತದಲ್ಲಿ ‘ನಾನು’ ಕರಗುತ್ತದೆ, ಮಕ್ತಾದಲ್ಲಿ ‘ನಾನು’ ತನ್ನೆದುರು ತಾನೇ ನಿಲ್ಲುತ್ತದೆ. ಎರಡೂ ಗೊತ್ತಿರುವ ನೆಲದ ಕವಿ ಇವುಗಳ ನಡುವಿನ ತಿಕ್ಕಾಟದಿಂದ ಏನೆಲ್ಲ ಎತ್ತಬಹುದಿತ್ತು! ಈಗ ಬರುವ ಎಷ್ಟೋ ಗಜಲುಗಳಲ್ಲಿ ಹೆಸರು ಬರೀ ರುಜುವಾಗಿ ಉಳಿದಿದೆ.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ನಮ್ಮ ಗಜಲ್ ಕವಿಗಳು ಮೀರ್, ಗಾಲಿಬರನ್ನು ನೆನೆಯುತ್ತಾರೆ, ಸಾಕಿ-ಮಧುಶಾಲೆಯನ್ನು ತರುತ್ತಾರೆ. ಆದರೆ ದಿಲ್ಲಿ ಉರ್ದುವಿನಲ್ಲಿ ಗಜಲ್ ಬರೆಯುವುದಕ್ಕೆ ಮುಂಚೆ ದಖ್ಖನ್ ಬರೆದಿತ್ತು. ಗೋಲ್ಕೊಂಡದ ಮಹಮ್ಮದ್ ಕುಲಿ ಕುತುಬ್ ಷಾ (1565–1612) ದಖ್ಖನ್ನಿನ ಉರ್ದುವಾದ ದಖನಿಯಲ್ಲಿ ದಿವಾನ್, ಅಂದರೆ ಕವಿತೆಗಳ ಸಂಕಲನ, ಕಟ್ಟಿದ. ರಾಯಚೂರನ್ನೂ ಆಳಿದ ಬಿಜಾಪುರದ ಆದಿಲಶಾಹಿಯಲ್ಲಿ ಎರಡನೇ ಇಬ್ರಾಹಿಂ ‘ಕಿತಾಬೆ ನೌರಸ್’ ಬರೆದ, ನುಸ್ರತಿ ದೊಡ್ಡ ದೊಡ್ಡ ಕಾವ್ಯ ಬರೆದ. ಹದಿನೆಂಟನೇ ಶತಮಾನದ ಮೊದಲಲ್ಲಿ ದಖ್ಖನ್ನಿನ ಕವಿ ವಲಿಯ ಕವಿತೆ ಉತ್ತರಕ್ಕೆ ಹೋದಮೇಲೆಯೇ ದಿಲ್ಲಿಯ ಕವಿಗಳು ಫಾರ್ಸಿ ಬಿಟ್ಟು ಆಡುನುಡಿಯ ಕಡೆ ತಿರುಗಿದ್ದು. ನಮ್ಮ ಕಾಲದಲ್ಲೂ ಬೀದರ್ ಸೀಮೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೇಮಾನ್ ಖತೀಬ್ ದಖನಿಯಲ್ಲೇ ಬರೆದು ಮುಷಾಯಿರಾಗಳಲ್ಲಿ ಹೆಸರಾದರು. ಅಂದರೆ ಕನ್ನಡ ಗಜಲ್ ತನ್ನ ಅಂಗಳದಲ್ಲೇ ಇದ್ದದ್ದನ್ನು ಲಖನೌ-ದಿಲ್ಲಿ ಸುತ್ತಿಕೊಂಡು ಹೋಗಿ ತಂದಿತು.

ರಾಯಚೂರಿನಿಂದ ಮಂತ್ರಾಲಯದ ದಾರಿಯಲ್ಲಿರುವ ಗಿಲ್ಲೆಸುಗೂರಿನಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಕಿವಿಗೆ ಬೀಳುತ್ತವೆ. ಒಬ್ಬ ‘ಬರ್ತೀನಂತ ಹೇಳ್ಯಾನ’ ಅನ್ನುತ್ತಾನೆ, ಇನ್ನೊಬ್ಬ ‘ವಸ್ತಾನನಿ ಚೆಪ್ಪಾಡು’ ಅನ್ನುತ್ತಾನೆ, ಮತ್ತೊಬ್ಬ ‘ಆತೂಂ ಬೋಲಕೆ ಬೋಲ್ಯಾ’ ಅನ್ನುತ್ತಾನೆ. ಮೂರರ ಎಲುಬಿನ ಗೂಡು ಒಂದೇ. ಆಡಿದ ಮಾತು ಮೊದಲು, ‘ಅಂತ’ ನಡುವೆ, ‘ಹೇಳಿದ’ ಕೊನೆಗೆ. ಶಿಷ್ಟ ಉರ್ದುವಿನಲ್ಲಿ ಇದು ತಿರುಗುಮುರುಗು. ಶತಮಾನಗಳ ಕಾಲ ಒಂದೇ ಬಾವಿಯ ನೀರು ಕುಡಿದ ದಖನಿಯವರು ನಮ್ಮ ವಾಕ್ಯದ ನಡಿಗೆಯನ್ನೇ ಕಲಿತಿದ್ದಾರೆ. ‘ನಕ್ಕೋ’ (ಬೇಡ), ‘ಕೈಕೂ’ (ಯಾಕೆ) ಎಂಬ ಆ ಮಾತಿನ ಗತ್ತು ಸಿನಿಮಾದಲ್ಲಿ ನಗಿಸುವುದಕ್ಕೆ ಬಳಕೆಯಾಯಿತೇ ಹೊರತು ರಾಯಚೂರಿನ ಗಜಲಿನಲ್ಲಿ ದುಃಖ ಹೇಳುವುದಕ್ಕೆ ಬರಲಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಜನಪದರು ಈ ದೂರ ಇಟ್ಟುಕೊಳ್ಳಲಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಂನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ನೆರೆಯುತ್ತಾರೆ. ಚನ್ನೂರು ಜಲಾಲ ಸಾಹೇಬರ ತತ್ವಪದಗಳನ್ನು ಭಜನೆಯ ಮೇಳಗಳು ತಮ್ಮವೆಂದೇ ಹಾಡುತ್ತವೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಓದಿದವರಿಗೆ ಇದರ ಹರವು ಗೊತ್ತು. ಪುಸ್ತಕದಿಂದ ಕಲಿತ ಗಜಲ್ ಈ ಹಾಡುಗಳನ್ನು ತನ್ನ ಬಳಗವೆಂದು ಬಗೆಯಲೇ ಇಲ್ಲ.

ಮುಕ್ತಾಯಕ್ಕರನ್ನು ನಾನು ಹೆಚ್ಚು ಮೆಚ್ಚುವುದು ಇಂಥ ದೂರವನ್ನು ದಾಟಿದ್ದಕ್ಕೇ. ಬಿಜಾಪುರದ ಹಾಶ್ಮಿ ದಖನಿಯಲ್ಲಿ ಹೆಣ್ಣಿನ ದನಿ ತೊಟ್ಟು ರೇಖ್ತಿ ಬರೆದ ಗಂಡಸು. ಮುಕ್ತಾಯಕ್ಕರಲ್ಲಿ ಹೆಣ್ಣೇ ತನ್ನ ಬಯಕೆಯನ್ನು ತನ್ನ ಬಾಯಲ್ಲಿ ಹೇಳಿದಳು. ಅಕ್ಕನ ವಚನದ ಉಸಿರು ಅಲ್ಲಿ ಗಜಲಿನ ಮೈಯೊಳಗೆ ಸೇರಿತು. ಸಾಲ ತಂದ ಪ್ರಕಾರ ಸ್ವಂತದ್ದಾಗುವುದು ಹೀಗೆ. ದಖನಿಯೊಂದಿಗೂ ಇಂಥ ಕೂಡಾಟ ಆಗಬೇಕಿತ್ತು.

ದಖನಿ ಮನೆಯ ಮಗು ಉರ್ದು ಶಾಲೆಗೆ ಹೋದರೆ ಶಿಷ್ಟ ಉರ್ದು ಕಲಿಯುತ್ತದೆ, ಕನ್ನಡ ಶಾಲೆಗೆ ಹೋದರೆ ಕನ್ನಡ. ಅದರ ಮನೆಮಾತಿಗೆ ಎರಡೂ ಕಡೆ ಪಠ್ಯವಿಲ್ಲ. ಜನಗಣತಿಯಲ್ಲೂ ಅದು ಉರ್ದುವಿನ ಲೆಕ್ಕಕ್ಕೇ ಸೇರುತ್ತದೆ. ಮನೆಮಾತಿಗೆ ಶಾಲೆಯಲ್ಲಿ ಜಾಗವಿಲ್ಲದ ಸಂಕಟ ಶಾಂತರಸರ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. ಅವರ ವಾರಸುದಾರರು ಈಗ ಮಾಡಬಹುದಾದ ಕೆಲಸವೊಂದಿದೆ. ನುಸ್ರತಿ, ಹಾಶ್ಮಿಯರಿಂದ ಹಿಡಿದು ಖತೀಬರವರೆಗಿನ ದಖನಿ ಕವಿತೆಯನ್ನು ಕನ್ನಡ ಲಿಪಿಯಲ್ಲಿ, ಎದುರು ಪುಟದಲ್ಲಿ ಕನ್ನಡ ಅರ್ಥದೊಂದಿಗೆ ಅಚ್ಚು ಹಾಕಿಸಬೇಕು. ಉರ್ದು, ಕನ್ನಡ ಎರಡೂ ಲಿಪಿ ಓದಬಲ್ಲ ಹಿರಿಯರು ರಾಯಚೂರಿನಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಈ ವರ್ಷವೇ ಶುರು ಮಾಡಬೇಕು.