ಜಮೀನು ರೈತನದು, ಮೀಟರು ಯಾರದು?

ಸೌರ ವಿದ್ಯುತ್ತಿನ ಮಾತು ಬಂದಾಗಲೆಲ್ಲ ನಾವು ಪಾವಗಡದ ಕಡೆ ಬೆರಳು ತೋರಿಸುತ್ತೇವೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಸಣ್ಣ ಸಾಧನೆಯಲ್ಲ. ಮಳೆ ಕೈಕೊಡುವ ಸೀಮೆಯ ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಆಸರೆಯೂ ಆಗಿದೆ. ಆದರೆ ತನ್ನ ಹೊಲದಲ್ಲಿ ಹುಟ್ಟುವ ಕರೆಂಟಿನ ದರ, ಲಾಭ, ಲೆಕ್ಕ ಯಾವುದರಲ್ಲೂ ಅವನಿಗೆ ಮಾತಿಲ್ಲ. ಜಮೀನಿಲ್ಲದೆ ಕೂಲಿಯನ್ನೇ ನಂಬಿದ್ದವರಿಗಂತೂ ಆ ಗುತ್ತಿಗೆಯೂ ಇಲ್ಲ. ಮೆಗಾವಾಟ್ ಎಣಿಸುವುದರಲ್ಲಿ ನಾವು ಮರೆತದ್ದು ಒಡೆತನದ ಪ್ರಶ್ನೆಯನ್ನು. ಅದಕ್ಕೆ ಒಂದು ಉತ್ತರ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿದೆ.

ಅಲ್ಲಿ 2016ರಲ್ಲಿ ಆರು ರೈತರು ಸೌರ ವಿದ್ಯುತ್ ಉತ್ಪಾದಕರ ಸಹಕಾರ ಸಂಘ ಕಟ್ಟಿಕೊಂಡರು; ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಬೆಂಬಲಕ್ಕೆ ನಿಂತಿತು. ಪಂಪು ಓಡಿಸಿ ಮಿಕ್ಕ ವಿದ್ಯುತ್ತನ್ನು ಸಂಘ ಒಟ್ಟುಗೂಡಿಸಿ ಸರಬರಾಜು ಕಂಪನಿಗೆ ಮಾರುತ್ತದೆ. ಒಪ್ಪಂದ 25 ವರ್ಷದ್ದು, ದರ ಯೂನಿಟ್ಟಿಗೆ 4 ರೂಪಾಯಿ 63 ಪೈಸೆ. ಇದಕ್ಕೆ ಬದಲಾಗಿ ಅಷ್ಟೂ ಕಾಲ ಸಬ್ಸಿಡಿಯ ಪಂಪ್‌ಸೆಟ್ ಸಂಪರ್ಕ ಕೇಳುವುದಿಲ್ಲವೆಂದು ಸದಸ್ಯರು ಒಪ್ಪಿಕೊಂಡರು. ಢುಂಡಿಯ ಹೆಚ್ಚುಗಾರಿಕೆ ಇರುವುದು ಈ ಕರಾರಿನಲ್ಲಿ. ಪುಕ್ಕಟೆ ಕರೆಂಟಿದ್ದಾಗ ಮೋಟಾರು ನಿಲ್ಲಿಸಲು ರೈತನಿಗೆ ಕಾರಣವೇ ಇರುವುದಿಲ್ಲ. ಇಲ್ಲಿ ಮೋಟಾರು ನಿಂತಷ್ಟು ಹೊತ್ತೂ ಯೂನಿಟ್ಟು ಮಾರಾಟವಾಗುತ್ತದೆ, ಹಾಗಾಗಿ ಬೋರ್‌ವೆಲ್‌ನಲ್ಲಿ ಉಳಿದ ನೀರಿಗೂ ಬೆಲೆ ಬಂತು. ಅಂತರ್ಜಲ ಬತ್ತಿದ ನಮ್ಮ ಬಯಲುಸೀಮೆಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದು ನನಗೆ ಕಾಣದು.

ಬಂಡವಾಳದ ಬಹುಪಾಲು ಅನುದಾನ, ದರದ ಮೇಲೆ ಪ್ರೋತ್ಸಾಹಧನ ಬೇರೆ. ಇದು ಸ್ವಂತ ಕಾಲ ಮೇಲೆ ನಿಂತ ಪ್ರಯೋಗವೇ ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಡಲು ನಮ್ಮ ಸರ್ಕಾರ ಪ್ರತಿವರ್ಷ ಸಾವಿರಾರು ಕೋಟಿ ರೂಪಾಯಿ ತೆರುತ್ತಿದೆ. ಆ ಹಣ ಮರುವರ್ಷ ಮತ್ತೆ ಬೇಕು. ಫಲಕಕ್ಕೆ ಹಾಕಿದ ಹಣ ಎರಡು ದಶಕ ದುಡಿಯುತ್ತದೆ. ಆರು ಜನರ ಸಂಘವನ್ನು ನಾಡಿಗೆಲ್ಲ ಹಬ್ಬಿಸುವುದು ಸಾಧ್ಯವೇ ಎಂಬ ಅನುಮಾನಕ್ಕೆ ಅದೇ ಜಿಲ್ಲೆಯ ಚರಿತ್ರೆ ಉತ್ತರ ಕೊಡುತ್ತದೆ: ಮುಂದೆ ಅಮುಲ್ ಆದ ಹಾಲಿನ ಸಹಕಾರ ಸಂಘ 1946ರಲ್ಲಿ ಹುಟ್ಟಿದ್ದು ಖೇಡಾದಲ್ಲೇ, ಅದರ ಮಾದರಿ ನಮ್ಮ ಹಳ್ಳಿಗಳ ಡೇರಿಗಳವರೆಗೂ ಬಂದಿದೆ. ನನ್ನ ತಕರಾರು ಬೇರೆ. ಒಂದೇ ಎಮ್ಮೆ ಸಾಕಿದ ಭೂರಹಿತೆಯೂ ಹಾಲಿನ ಸಂಘದ ಸದಸ್ಯೆಯಾಗಬಲ್ಲಳು. ಢುಂಡಿಯ ಸಂಘಕ್ಕೆ ಸೇರಲು ಹೊಲ, ಬಾವಿ ಎರಡೂ ಬೇಕು. ಈ ವಿಷಯದಲ್ಲಿ ಅದು ಪಾವಗಡಕ್ಕಿಂತ ಮುಂದೆ ಹೋಗಿಲ್ಲ. ಭೂರಹಿತರೂ ಷೇರು ಕೊಳ್ಳುವಂತೆ, ಆ ಷೇರಿಗೆ ಸರ್ಕಾರ ನೆರವಾಗುವಂತೆ ನಿಯಮ ತಿದ್ದದೆ ಈ ಮಾದರಿಯನ್ನು ಇಲ್ಲಿಗೆ ತರಬಾರದು.

2019ರ ಪಿಎಂ ಕುಸುಮ್ ಯೋಜನೆಯ ಮೊದಲ ಭಾಗದಡಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕವನ್ನು ಸಹಕಾರ ಸಂಘಗಳೂ ಪಂಚಾಯಿತಿಗಳೂ ಸ್ಥಾಪಿಸಬಹುದು. ನಿಮ್ಮೂರಿನ ಸಂಘದ ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತಿ.