ಕೂಲಿಯ ಹಸಿರು ಬಸಿರು

ತೊಟ್ಟಿಯ ತಳಕ್ಕೆ ಬಿದ್ದಿದ್ದನ್ನೆಲ್ಲ ಹೆಕ್ಕಿ ತಿಂದು ಚೊಕ್ಕಟ ಮಾಡುತ್ತದಲ್ಲ, ಅದಕ್ಕೇ ‘ಕೂಲಿ ಲೋಚ್’ ಅನ್ನೋದಾ ಸಾರ್ ಎಂದು ಅಕ್ವೇರಿಯಂ ಮೀನಿನ ಅಂಗಡಿಯಲ್ಲಿ ಒಬ್ಬರು ಕೇಳಿದರು. ಅಲ್ಲ. 1821ರಲ್ಲಿ, 24 ತುಂಬುವ ಮೊದಲೇ ಜಾವಾದಲ್ಲಿ ತೀರಿಕೊಂಡ ಜರ್ಮನ್ ಪ್ರಾಣಿಶಾಸ್ತ್ರಜ್ಞ ಹೈನ್ರಿಶ್ ಕೂಲ್ ನೆನಪಿಗೆ ಇಟ್ಟ ಹೆಸರದು. ತಮಾಷೆಯೆಂದರೆ, ಆ ಹೆಸರಿನಲ್ಲಿ ಬಿಕರಿಯಾಗುವುದು ಹೆಚ್ಚಾಗಿ ಆ ಹೆಸರಿನ ನಿಜ ವಾರಸುದಾರನಾದ ಜಾವಾದ ಮೀನಲ್ಲ, ಅದರ ದಾಯಾದಿ ಪ್ಯಾಂಜಿಯೊ ಸೆಮಿಸಿಂಕ್ಟಾ. ಮಲಯ, ಸುಮಾತ್ರಾ ಕಡೆಯದು.

ಬೆರಳುದ್ದದ ಹಾವಿನಂಥ ಮೈ, ಕಂದು-ಹಳದಿ ಪಟ್ಟೆ, ಬಾಯಿಯ ಸುತ್ತ ಮೀಸೆ. ಕಣ್ಣಿನ ಮೇಲೆ ಗಾಜಿನಂಥ ಚರ್ಮ ಹೊದ್ದಿರುವುದರಿಂದ ಮರಳಿಗೆ ಮುಖ ತೂರಿಸಲು ಅಂಜಿಕೆಯಿಲ್ಲ. ಕಣ್ಣಿನ ಕೆಳಗೆ ಕವಲೊಡೆದ ಮುಳ್ಳೊಂದಿದೆ. ಹೆದರಿದರೆ ಅದನ್ನು ನಿಗುರಿಸುತ್ತದೆ. ಒಮ್ಮೆ ಬಲೆ ಹಾಕಿ ಎತ್ತಿದಾಗ ಆ ಮುಳ್ಳು ಎಳೆಗೆ ಸಿಕ್ಕಿಕೊಂಡು, ಉಗುರು ಕತ್ತರಿಸುವ ಕತ್ತರಿಯಿಂದ ಬಲೆಯನ್ನೇ ಒಂದೊಂದು ಎಳೆಯಾಗಿ ಕತ್ತರಿಸಬೇಕಾಯಿತು. ಅಂದಿನಿಂದ ನಾನು ಹಿಡಿಯುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ.

ಗಂಡು ಹೆಣ್ಣು ತಿಳಿಯಬೇಕಿದ್ದರೆ ಮೇಲಿನಿಂದ ನೋಡಿ. ಗಂಡಿನ ಎದೆರೆಕ್ಕೆ ಹುಟ್ಟಿನಂತೆ ಅಗಲ, ಅದರ ಎರಡನೆಯ ಕಡ್ಡಿ ದಪ್ಪ. ಹೆಣ್ಣಿನದು ಪುಟ್ಟ ರೆಕ್ಕೆ, ದುಂಡು ಹೊಟ್ಟೆ. ಮೊಟ್ಟೆ ತುಂಬಿದಾಗ ಟಾರ್ಚ್ ಬಿಟ್ಟರೆ ಹೊಟ್ಟೆಯ ಚರ್ಮದೊಳಗಿಂದ ಎಳೆಹಸಿರು ಕಾಣುತ್ತದೆ. ಅದನ್ನು ರೋಗವೆಂದು ತಿಳಿದು ತೊಟ್ಟಿಗೆ ಔಷಧಿ ಸುರಿದವರನ್ನು ನಾನು ಬಲ್ಲೆ. ಈ ಮೀನಿನ ಮೊಟ್ಟೆಯ ಬಣ್ಣವೇ ಹಸಿರು ಸ್ವಾಮಿ.

ಸದಾ ನೆಲ ಕಚ್ಚಿರುವ ಈ ನಾಚಿಕೆಯ ಪ್ರಾಣಿ ಮೊಟ್ಟೆಯಿಡಲು ಮಾತ್ರ ನೀರಿನ ಮೇಲ್ಮೈಗೆ ಏರುತ್ತದೆ. ತೇಲುಗಿಡಗಳ ಬೇರಿನ ನಡುವೆ ಮೊಟ್ಟೆ ಚೆಲ್ಲಿ ಕೆಳಗಿಳಿಯುತ್ತದೆ. ಕಾವಲೂ ಇಲ್ಲ, ಆರೈಕೆಯೂ ಇಲ್ಲ. ಕಣ್ಣಿಗೆ ಬಿದ್ದರೆ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆ. ಹಾಗಾಗಿ ಗಿಡ ದಟ್ಟವಾಗಿರಲಿ, ಆರೇಳು ಮೀನಾದರೂ ಒಟ್ಟಿಗಿರಲಿ. ಎರಡೇ ತಂದು ‘ಯಾವಾಗಲೂ ಅಡಗಿರುತ್ತೆ’ ಎಂದು ದೂರುವುದು ನನ್ನ ಮಟ್ಟಿಗೆ ಅನ್ಯಾಯ. ನೀರು ಮೆದುವಾಗಿ, ತುಸು ಆಮ್ಲೀಯವಾಗಿರಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಇದಕ್ಕೆ ಒಗ್ಗದು; ನಾನು ಮಳೆನೀರು ಬೆರೆಸುತ್ತೇನೆ.

ಇಷ್ಟೆಲ್ಲ ಮಾಡಿಯೂ ನಾನು ಮಿಲನವನ್ನು ಒಮ್ಮೆಯೂ ಕಂಡಿಲ್ಲ. ಕಂಡಿದ್ದು ಮರಿಗಳನ್ನು, ಅದೂ ಜಲ್ಲಿಯಡಿಯ ಫಿಲ್ಟರ್ ತಟ್ಟೆ ಎತ್ತಿದ ದಿನ. ಕೊಳೆನೀರಿನ ಬಕೆಟ್ಟಿನಲ್ಲಿ ನೂಲಿನೆಳೆಯಂಥದ್ದೇನೋ ಎರಡು ಕಡೆ ಮಿಸುಕಿತು. ಬಚ್ಚಲಿಗೆ ಚೆಲ್ಲಲೆಂದು ನಾನಾಗಲೇ ಬಕೆಟ್ ಎತ್ತಿಯಾಗಿತ್ತು.